ಸ್ಪೀಕರಿಗೆ ನೀವು ಹಚ್ಚಿದ ವಿಭೂತಿ

ಅತ್ತೆ,

ಬೈಯುವುದಿದ್ದರೆ ಪೂರ್ತಿ ಓದಿ ಆಮೇಲೆ ಬೈಯಿರಿ. ನಿಮ್ಮ ಸ್ಪೀಕರಿನ ಮೇಲಿದ್ದ ವಿಭೂತಿಯನ್ನು ಕೆರೆದುಬಿಟ್ಟೆವು. ಕೆರೆದದ್ದು ನಾನಲ್ಲ, ಮಾವ. ಅದೂ ಪೂರ್ತಿ ಅಲ್ಲ, ಬೇಕಾದಷ್ಟೇ. ಯಾಕೆ ಅಂತ ಹೇಳುವುದಕ್ಕೇ ಕೂತಿದ್ದೇನೆ. ಒಲೆಯ ಮೇಲೆ ಬೇಳೆ ಇಟ್ಟಿದ್ದೇನೆ, ಕುಕ್ಕರು ಕೂಗಿದರೆ ಎದ್ದು ಹೋಗಿ ಬರುತ್ತೇನೆ.

ಹೋದ ಆಯುಧಪೂಜೆ ನೆನಪಿದೆಯಾ? ಬೆಳಗ್ಗೆಯೇ ಸೆರಗು ಸಿಕ್ಕಿಸಿಕೊಂಡು, ವಿಭೂತಿ ಗಟ್ಟಿಯನ್ನು ನೀರಿನಲ್ಲಿ ನೆನೆಸಿ ಬಟ್ಟಲು ತುಂಬ ಕಲಸಿಕೊಂಡು ಹೊರಟಿರಿ. ಈಳಿಗೆಮಣೆ, ಮಿಕ್ಸಿ, ನಿಮ್ಮ ಮಗನ ಸ್ಕೂಟರು, ನಮ್ಮ ಬಟ್ಟೆ ಅಂಗಡಿಯ ಕತ್ತರಿ, ಬಚ್ಚಲಿನ ಗೀಸರು, ಒಂದನ್ನೂ ಬಿಡಲಿಲ್ಲ. ಕೊನೆಗೆ, ನೀವು ಫೋನಿನಿಂದ ಹಾಡು ಹಾಕಿಕೊಳ್ಳುತ್ತಿದ್ದ ಬ್ಲೂಟೂತ್ ಸ್ಪೀಕರಿನ ಸರದಿ. ಅದರ ನೆತ್ತಿಯ ಮೇಲೆ ಮೂರು ಬೆರಳಿನಿಂದ ದಪ್ಪಗೆ ಎಳೆದಿರಿ. ಮೇಲಿನ ಗುಂಡಿಗಳೆಲ್ಲ ಮುಚ್ಚಿಹೋದವು ಅತ್ತೆ, ಇದೇನು ಗೋಡೆಗೆ ಸುಣ್ಣ ಬಳಿದ ಹಾಗೆ ಅಂದೆ. "ದಿನಾ ಶಿವನ ಹಾಡು ಹೇಳೋದು ಅದು ಕಣೇ. ನಿನ್ನ ಮಿಕ್ಸಿಗಿಂತ ಅದಕ್ಕೇ ಜಾಸ್ತಿ ಬೇಕು" ಅಂದಿರಿ. ನಿಮ್ಮ ಜೊತೆ ವಾದ ಮಾಡಿ ಗೆದ್ದವರು ಯಾರಿದ್ದಾರೆ? ಆ ಸಲ ದೀಪಾವಳಿ ನೋಡುವುದಕ್ಕೆ ನೀವು ಉಳಿಯಲಿಲ್ಲ.

ನಿಮ್ಮ ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಹೋದ ಮೇಲೆ ಮನೆಯನ್ನೆಲ್ಲ ಒರೆಸಿದೆ. ಮಿಕ್ಸಿಯ ವಿಭೂತಿ ಒರೆಸಿದೆ, ಗೀಸರಿನದು ಒರೆಸಿದೆ. ಸ್ಪೀಕರಿಗೆ ಬಂದಾಗ ಬಟ್ಟೆ ಹಿಡಿದ ಕೈ ನಿಂತುಬಿಟ್ಟಿತು. ಮೂರು ಗೆರೆ. ನಡುವಿನದು ತುಸು ಸೊಟ್ಟ, ಈಳಿಗೆ ತಗುಲಿ ಸೊಟ್ಟಗಾದ ನಿಮ್ಮ ನಡುಬೆರಳಿನ ಹಾಗೇ. ಮನೆಯಲ್ಲಿ ನಿಮ್ಮ ಕೈಗುರುತು ಅಂತ ಉಳಿದಿದ್ದು ಅದೊಂದೇ. ಟಿವಿ ಪಕ್ಕದ ಗೂಡಿನಲ್ಲಿಟ್ಟು, ಯಾರೂ ಮುಟ್ಟಕೂಡದು ಅಂತ ಅಪ್ಪಣೆ ಮಾಡಿದೆ. ನಿಮ್ಮ ಸೊಸೆ ಅಲ್ಲವೇ, ಅಪ್ಪಣೆ ಮಾಡುವುದನ್ನು ನಿಮ್ಮಿಂದಲೇ ಕಲಿತದ್ದು.

ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದುಕೊಂಡು ಸುಧಾಳ ಮದುವೆ ಅಂತ ಏನೋ ಶುರು ಮಾಡಿದಿರಿ, ಮುಗಿಸಲಿಲ್ಲ. ನಾನೂ ಮಾಡ್ತೀವಿ ಬಿಡಿ ಅಂದುಬಿಟ್ಟೆ. ಹೇಳಿದಷ್ಟು ಸುಲಭವೇ? ನಿಮ್ಮ ಮಗಳು ದಿನಾ ತರೀಕೆರೆಯಿಂದ ಕಡೂರಿಗೆ ಹೋಗಿ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು, ಆ ಕೆಲಸ ಬಿಡುವುದಿಲ್ಲ ಅನ್ನುವವಳು. ಬಂದವರೆಲ್ಲ ಉಪ್ಪಿಟ್ಟು ತಿಂದು, ಊರಿಗೆ ಹೋಗಿ ತಿಳಿಸ್ತೀವಿ ಅನ್ನುತ್ತಿದ್ದರು. ಉಪ್ಪಿಟ್ಟಿನ ರವೆ ಖರ್ಚಾಯಿತೇ ಹೊರತು ಉತ್ತರ ಬರಲಿಲ್ಲ. ಕಡೆಗೆ ಕಡೂರಿನ ನಿಮ್ಮ ತಂಗಿ ಒಂದು ಸಂಬಂಧ ತಂದರು. ಹುಡುಗ ಅಜ್ಜಂಪುರದಲ್ಲಿ ಹೈಸ್ಕೂಲು ಮೇಷ್ಟ್ರು, ಮನೆ ಅಮೃತಾಪುರ. ಹುಡುಗ, ಅಪ್ಪ, ಅಮ್ಮ ಬಂದು ನೋಡಿ ಹೋದರು, ಒಪ್ಪಿದರು. ಸುಧಾ ಕೂಡ, ನಂಬುತ್ತೀರಾ, ಒಪ್ಪಿದಳು. ಉಳಿದಿದ್ದು ಅವರ ಮನೆಯ ಅಜ್ಜಿ ಒಬ್ಬರೇ.

ಆ ಅಜ್ಜಿ ಹೂಂ ಅನ್ನದೆ ಆ ಮನೆಯಲ್ಲಿ ಹಾಲೂ ಉಕ್ಕುವುದಿಲ್ಲವಂತೆ. ಅವರು ಬಚ್ಚಲಲ್ಲಿ ಜಾರಿ ಕಾಲಿಗೆ ಪಟ್ಟು ಹಾಕಿಸಿಕೊಂಡು ಮಲಗಿದ್ದರು. ನಾವೇ ಸುಧಾಳನ್ನು ಕರೆದುಕೊಂಡು ಹೋಗಿ ಬರೋಣ, ಬಸ್ಸು ಹತ್ತಿದರೆ ಇಲ್ಲೇ ಅಂದೆ. ಮಾತು ಮುಗಿಯದೆ ಹೆಣ್ಣು ಗಂಡಿನ ಮನೆ ಹೊಸಿಲು ತುಳಿಯಬಾರದು ಅಂತ ನಿಮ್ಮ ತಂಗಿ ಗದರಿದರು. ನೀವಿದ್ದರೂ ಅದನ್ನೇ ಅನ್ನುತ್ತಿದ್ದಿರಿ. ಹಾಗಾಗಿ ಪಕ್ಕದೂರಿಗೆ ವಿಡಿಯೋ ಕಾಲು. ನಿಮ್ಮ ಮಗ ಅಂಗಡಿಯ ಲ್ಯಾಪ್‌ಟಾಪ್ ತಂದು ಮಾವನ ಮುಂದಿಟ್ಟರು. ಅಜ್ಜಿ ಏನೇನೋ ಕೇಳಿದರು. ಮಾವ ಸುಮ್ಮನೆ ನೋಡುತ್ತಾ ಕೂತರು. ಲ್ಯಾಪ್‌ಟಾಪಿನ ಸಣ್ಣ ದನಿ ಅವರ ಕಿವಿಗೆ ಬಿದ್ದರೆ ತಾನೆ? ನಿಮ್ಮ ಮಗ ವಿಷಯ ಹೇಳಲು ಹೋದರೆ, ಬೇಡ ಅಂತ ಕೈ ಅದುಮಿದರು. ಬೀಗರ ಮುಂದೆ ಕಿವುಡ ಅನ್ನಿಸಿಕೊಳ್ಳಬಾರದಂತೆ. ಮಾರನೆಯ ದಿನ ನಿಮ್ಮ ತಂಗಿ ಫೋನು ಮಾಡಿದರು: ಅಜ್ಜಿಗೆ ಬೇಜಾರಾಗಿದೆ, ಹೆಣ್ಣಿನ ತಂದೆಗೆ ಇಷ್ಟವಿಲ್ಲದ ಕಡೆ ನಾವೇಕೆ ಹೋಗಬೇಕು ಅಂತಿದ್ದಾರೆ, ಬರುವ ಸೋಮವಾರ ಇನ್ನೊಂದು ಸಲ ಮಾತಾಡಲಿ, ಅದೇ ಕೊನೆ. ಸುಧಾ ಅವತ್ತು ಊಟ ಮಾಡಲಿಲ್ಲ.

ಸೋಮವಾರ ಮಧ್ಯಾಹ್ನ ಸುಧಾ ಸೀರೆ ಉಟ್ಟು ಬಂದವಳು ಗೂಡಿನ ಕಡೆ ನೋಡಿ, ಅಮ್ಮನ ಸ್ಪೀಕರು ಅಂದಳು. ಅದರ ದನಿ ಮೂಲೆಮನೆಯವರೆಗೆ ಕೇಳುತ್ತಿತ್ತಲ್ಲ, ನಮಗೇಕೆ ಹೊಳೆದಿರಲಿಲ್ಲ? ಚಾರ್ಜಿಗೆ ಹಾಕಿ, ಪಕ್ಕದ ಗುಂಡಿ ಒತ್ತಿದೆವು. ಟುಂಯ್ ಅಂತ ಎದ್ದಿತು, ನೀಲಿ ದೀಪ ಮಿಣುಕಿತು. ನಿಮ್ಮ ಮಗ ಲ್ಯಾಪ್‌ಟಾಪಿನಲ್ಲಿ ಬ್ಲೂಟೂತ್ ಹಾಕಿ ಹುಡುಕಿದರು. ಎದುರು ಮನೆಯ ಟಿವಿ ಸಿಕ್ಕಿತು, ಯಾರದೋ ಫೋನು ಸಿಕ್ಕಿತು, ನಮ್ಮ ಕೈಯಲ್ಲೇ ಇದ್ದ ಸ್ಪೀಕರು ಸಿಗಲಿಲ್ಲ. ಅದು ಇನ್ನೂ ನಿಮ್ಮ ಫೋನನ್ನೇ ಹುಡುಕುತ್ತಿದೆ ಅಂದಳು ಸುಧಾ. ಪೆಟ್ಟಿಗೆಯಲ್ಲಿ ಬ್ಯಾಟರಿ ಸತ್ತು ಮಲಗಿರುವ ಫೋನನ್ನು. ನಾನು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದೆ ಅತ್ತೆ.

ಹೊಸದಕ್ಕೆ ಜೋಡಿಸಬೇಕಾದರೆ ಮೇಲಿನ ಗುಂಡಿಯನ್ನು ಒತ್ತಿ ಹಿಡಿಯಬೇಕಂತೆ. ಆ ಗುಂಡಿ ಎಲ್ಲಿ? ನಿಮ್ಮ ಮೂರನೆಯ ಗೆರೆಯ ಕೆಳಗೆ. ಮೇಲಿನಿಂದಲೇ ಒತ್ತಿ ನೋಡಿದರು, ವಿಭೂತಿ ಸಂದಿಗೆಲ್ಲ ಇಳಿದು ಗಾರೆಯಂತೆ ಕೂತಿತ್ತು, ಜಗ್ಗಲಿಲ್ಲ. ನಿಮ್ಮ ಮಗ ಒದ್ದೆ ಬಟ್ಟೆ ತಂದರು. ಮುಟ್ಟಿದರೆ ನೋಡಿ ಅಂದೆ. ಅಜ್ಜಿಯ ಫೋನು ಬರುವ ಹೊತ್ತಾಗಿದೆ, ತಂಗಿಯ ಮದುವೆ ಮುಖ್ಯವೋ ಬೂದಿ ಮುಖ್ಯವೋ ಅಂತ ಅವರು. ಬೂದಿ ಅಂದರೆ ನಾನು ಸುಮ್ಮನಿರುತ್ತೇನೆಯೇ? ಇಬ್ಬರ ಮಾತೂ ಜೋರಾಯಿತು. ಸುಧಾ ಅಳುವುದಕ್ಕೆ ಶುರು ಮಾಡಿದಳು, ಬೇಡ ಅತ್ತಿಗೆ, ಹೋದರೆ ಹೋಗಲಿ ಸಂಬಂಧ ಅಂತ.

ಮಾವ ಇಷ್ಟು ಹೊತ್ತೂ ನಮ್ಮ ಬಾಯಿಗಳನ್ನೇ ನೋಡುತ್ತಾ ಕೂತಿದ್ದವರು ಎದ್ದು ಬಂದರು. ಸ್ಪೀಕರನ್ನು ತೊಡೆಯ ಮೇಲಿಟ್ಟುಕೊಂಡು, ಹೆಬ್ಬೆರಳಿನ ಉಗುರಿನಿಂದ ಮೂರನೆಯ ಗೆರೆಯನ್ನು ಮೆಲ್ಲಗೆ ಕೆರೆದರು. ಒಂದು ಚೂರೂ ನೆಲಕ್ಕೆ ಬೀಳದ ಹಾಗೆ ಎಡಗೈಯಲ್ಲಿ ಹಿಡಿದರು. ನಾನು ಬಟ್ಟಲು ಹಿಡಿದೆ. ಅವರು ಬೇಡ ಅಂತ ತಲೆಯಾಡಿಸಿದರು.

"ಅವಳು ಕೈಯಾರೆ ಹಚ್ಚಿದ್ದು ಬಟ್ಟಲಿಗ್ಯಾಕಮ್ಮ? ಸುಧಾ, ಬಾರೇ ಇಲ್ಲಿ."

ಅಂಗೈಯಲ್ಲಿದ್ದುದಕ್ಕೆ ಒಂದು ಹನಿ ನೀರು ಹಾಕಿ ಕಲಸಿ, ಅವಳ ಹಣೆಗೆ ಅಡ್ಡಡ್ಡ ಎಳೆದರು. ಅವಳು ಅಳು ನಿಲ್ಲಿಸಿದಳು. ನಾನೂ ನಿಮ್ಮ ಮಗನೂ ಅಳುವುದಕ್ಕೆ ಶುರು ಮಾಡಿದೆವು, ಅದು ಬೇರೆ ಮಾತು.

ಆಮೇಲೆ ಗುಂಡಿ ಒತ್ತಿ ಹಿಡಿದದ್ದೇ ತಡ, ಲ್ಯಾಪ್‌ಟಾಪಿನಲ್ಲಿ ಸ್ಪೀಕರಿನ ಹೆಸರು ಬಂತು. ಜೋಡಿಸಿದ ಮೇಲೂ ದನಿ ಲ್ಯಾಪ್‌ಟಾಪಿನಿಂದಲೇ ಬರುತ್ತಿತ್ತು. ಸುಧಾ ಸೌಂಡಿನ ಗುರುತು ಒತ್ತಿ, ಅಲ್ಲಿ ಸ್ಪೀಕರನ್ನು ಆರಿಸಿದಳು. ಅಷ್ಟರಲ್ಲಿ ವಿಡಿಯೋ ಕಾಲು ಬಂತು. ಅಜ್ಜಿಯ ದನಿ ನಡುಮನೆ ತುಂಬ ಮೊಳಗಿತು, ಮಾವ ಬೆಚ್ಚಿ ನೆಟ್ಟಗೆ ಕೂತರು. ಹೋದ ಸಲ ಮಾತೇ ಆಡಲಿಲ್ಲವಲ್ಲ ಯಜಮಾನರೇ ಅಂತ ಅಜ್ಜಿ ಕೇಳಿಯೇಬಿಟ್ಟರು.

"ಕಿವಿ ಮಂದ ಕಣ್ರಮ್ಮ. ನೀವಾಡಿದ್ದು ಒಂದೂ ಕೇಳಿಸ್ಲಿಲ್ಲ. ನಾಚ್ಕೆಗೆ ಹೇಳ್ಕಳ್ಳಿಲ್ಲ" ಅಂದರು ಮಾವ.

ಅಜ್ಜಿ ನಕ್ಕರು. ಆ ನಗುವಿನಲ್ಲೇ ನನಗೆ ಅರ್ಧ ಜೀವ ಬಂತು. ಹುಡುಗಿ ಕೆಲಸದ ವಿಷಯ ಏನು ಅಂತ ಕೇಳಿದರು. ಓದಿಸಿದ್ದು ಅವಳಮ್ಮ, ಬಿಡಿಸುವ ಹಕ್ಕು ನನಗಿಲ್ಲ, ನಿಮಗೂ ಇಲ್ಲ ಅಂತ ಮಾವ ಹೇಳಿದರು. ನೀವು ಕೇಳಬೇಕಿತ್ತು ಅತ್ತೆ. ನಿಮ್ಮೆದುರು ಯಾವತ್ತಾದರೂ ಅಷ್ಟು ಗಟ್ಟಿಯಾಗಿ ಮಾತಾಡಿದ್ದಾರಾ? ಅಜ್ಜಿ ಸುಧಾಳನ್ನು ಹತ್ತಿರ ಕರೆದು, ಕಣ್ಣು ಕಿರಿದು ಮಾಡಿ ನೋಡಿದರು. ಹಣೆಗೆ ವಿಭೂತಿ ಯಾರಮ್ಮ ಇಟ್ಟಿದ್ದು ಅಂದರು. ಸುಧಾ ಅಪ್ಪನ ಮುಖ ನೋಡಿದಳು.

"ಅವರಮ್ಮ ಇಟ್ಟಿದ್ದು" ಅಂದರು ಮಾವ.

ನೀವಿಲ್ಲ ಅನ್ನುವುದು ಅಜ್ಜಿಗೆ ಗೊತ್ತು. ಹೇಗೆ ಅಂತ ಅವರು ಕೇಳಲಿಲ್ಲ.

"ತಾಯಿ ಆಶೀರ್ವಾದ ಮಾಡಾದ್ಮೇಲೆ ನಂದೇನಿದೆ ತಗೋ" ಅಂದರು. "ಕಾಲು ನೆಟ್ಟಗಾಗ್ಲಿ. ನಾನೇ ಬಂದು ಹೂ ಮುಡಿಸ್ತೀನಿ."

ಉಸ್ಸಪ್ಪಾ ಅಂತ ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ನಿಮಗೆ ಕೊಟ್ಟ ಮಾತು ಹೆಗಲಿನಿಂದ ಇಳಿದ ಹಾಗಾಯಿತು. ಅವತ್ತು ಆಸ್ಪತ್ರೆಯಲ್ಲಿ ನೀವು ಶುರು ಮಾಡಿ ಮುಗಿಸದೆ ಬಿಟ್ಟ ಮಾತು ಇದೇ ತಾನೆ?

ಕುಕ್ಕರು ಕೂಗಿತು, ಆಗಲೇ ಆರಿಸಿ ಬಂದೆ. ನಡುಮನೆಯಲ್ಲಿ ಮಾವ ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು ನಿಮ್ಮ ಶಿವನ ಹಾಡು ಹಾಕಿಸಿಕೊಂಡಿದ್ದಾರೆ. ಎದುರು ಮನೆಯವರು ಒಂದು ಸಲ ಇಣುಕಿ ನೋಡಿ ಹೋದರು, ನಿಮ್ಮ ಕಾಲದಲ್ಲಿ ನೋಡುತ್ತಿದ್ದ ಹಾಗೆಯೇ.

ಸ್ಪೀಕರಿನ ಮೇಲೆ ಇನ್ನೂ ಎರಡು ಗೆರೆ ಇವೆ, ಸೊಟ್ಟದ್ದೂ ಸೇರಿ. ಒಂದನ್ನು ಮುಹೂರ್ತದ ದಿನ ಮಾವನ ಕೈಯಲ್ಲೇ ಕೆರೆಸಿ ಸುಧಾಳ ಹಣೆಗೆ ಇಡಿಸುತ್ತೇನೆ. ಸೊಟ್ಟದ್ದನ್ನು ಮಾತ್ರ ಯಾರಿಗೂ ಕೊಡುವುದಿಲ್ಲ ಅತ್ತೆ. ಅದು ನನ್ನದು.

ನಿಮ್ಮ ಸೊಸೆ,
ಮಂಜುಳಾ