ಹನ್ನೆರಡು ಬಾಟಲಿಗಳ ಕೆಂಪು

ಚಿಕ್ಕೋಡಿ
ಮಂಗಳವಾರ ಮಧ್ಯಾಹ್ನ

ಅನುಸೂಯಾ ಅಕ್ಕನವರಿಗೆ ನಿಮ್ಮ ಸಾಯಿರಾಳ ಸಲಾಮು.

ಆ ಹನ್ನೆರಡು ಬಾಟಲಿಗಳಿಗೆ ನಾನು ಹಾರ್ಮೋನ್ ಹಾಕಿರಲೇ ಇಲ್ಲ. ಏಳು ತಿಂಗಳಿಂದ ಈ ಮಾತನ್ನು ಮುಚ್ಚಿಟ್ಟಿದ್ದೇನೆ. ಎದುರಿಗೆ ಬಂದು ಹೇಳೋಣವೆಂದರೆ, ನಿಮ್ಮ ಮುಖ ಕಂಡ ಕೂಡಲೇ ಮತ್ತೆ "ಹಾಕೀನ್ರಿ" ಅಂದುಬಿಡುತ್ತೇನೆ ಎಂಬ ಹೆದರಿಕೆ. ಅದಕ್ಕೇ ಬರೆಯುತ್ತಿದ್ದೇನೆ.

ಒಂಬತ್ತನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಹೊಲಿಗೆ ಕ್ಲಾಸು ಬಿಟ್ಟೆ, ನಿಪ್ಪಾಣಿಯಲ್ಲಿ ಬೀಡಿ ಕಟ್ಟುವುದನ್ನೂ ಬಿಟ್ಟೆ. "ನಿನ್ನ ಕಾಲಿಗೆ ಗಾಲಿ ಅದಾವೇನ ಬೇ, ಒಂದ ಕಡೆ ಕುಂಡರಾಕ ಆಗೂದಿಲ್ಲ?" ಎಂದು ಅಮ್ಮ ದಿನಾ ಬೈಯುತ್ತಿದ್ದಳು. ನಿಮ್ಮ ಲ್ಯಾಬಿನಲ್ಲಿ ಬಾಟಲಿ ತೊಳೆಯಲು ಬಂದವಳು ಎರಡು ವರ್ಷ ನಿಂತೆ. ನೀವು ಮಂಜಿಷ್ಠದ ಗಿಡ ಬೆಳೆಸುತ್ತಿರಲಿಲ್ಲ, ಅದರ ಜೀವಕೋಶಗಳನ್ನಷ್ಟೇ ಗಾಜಿನೊಳಗೆ ಸಾಕುತ್ತಿದ್ದಿರಿ. ಬೇರಿನಲ್ಲಿರುವ ಕೆಂಪು ರಾಸಾಯನಿಕವನ್ನು ಅವುಗಳಿಂದಲೇ ಮಾಡಿಸಬೇಕು, ಕಾಡಿನಲ್ಲಿ ಬೇರು ಕೀಳುವುದು ತಪ್ಪಬೇಕು ಎಂಬುದು ನಿಮ್ಮ ಹಟ. ನನ್ನ ಕೈಗೆ ಪಿಪೆಟ್ ಕೊಟ್ಟ ದಿನ ನೀವು ಹೇಳಿದ್ದು ಇನ್ನೂ ನೆನಪಿದೆ: "ನೋಡ ಸಾಯಿರಾ, ಈ ಹಾರ್ಮೋನ್ ಹಾಕಿದ್ರ ಕೋಶಕ್ಕ ಬೆಳಿಯೂದೊಂದೇ ಚಿಂತಿ, ಬಣ್ಣಾ ಮಾಡೂದ ಮರತಬಿಡತಾವ. ತಗದ್ರ ಬಣ್ಣಾ ಬರತೈತಿ, ಬೆಳವಣಗಿ ನಿಂದರತೈತಿ. ನಮಗ ಎರಡೂ ಬೇಕು."

ಎರಡೂ ಸಿಗುವ ಒಂದು ಸಣ್ಣ ಅಳತೆಯನ್ನು ಹುಡುಕಲೆಂದೇ ಆ ಹನ್ನೆರಡು ಬಾಟಲಿ ಇಟ್ಟಿರಿ. ಹಾರ್ಮೋನ್ ಹಾಕುವ ಕೆಲಸವನ್ನು ಮೊದಲ ಸಲ ನನಗೆ ಒಪ್ಪಿಸಿ ಹೊರಗೆ ಹೋದಿರಿ. ಆಗ ಶೀಶೆಯ ಮೇಲಿನ ಹೆಸರು ಓದಿದೆ. ಟು-ಫೋರ್-ಡಿ.

ಅಕ್ಕ, ಅದು ನಮ್ಮ ಕರೋಶಿಯಲ್ಲಿ ಕಬ್ಬಿನೊಳಗಿನ ಕಸ ಸಾಯಿಸಲು ಹೊಡೆಯುವ ಎಣ್ಣೆ. ಅಪ್ಪ ಕೂಲಿಗೆ ಅದನ್ನೇ ಹೊಡೆಯುತ್ತಿದ್ದ. ಒಂದು ವರ್ಷ ಗಾಳಿ ತಿರುಗಿ, ಪಕ್ಕದ ಧೂಳಪ್ಪ ಕಾಕಾನ ಟೊಮೆಟೊ ಗಿಡಗಳೆಲ್ಲ ಹಗ್ಗದಂತೆ ಹೊಸೆದುಕೊಂಡವು. ಕಾಕಾ ನಮ್ಮ ಬಾಗಿಲಿಗೆ ಬಂದು, "ಅಲ್ಲಾಬಕ್ಷ, ಕಸಕ್ಕ ಹೊಡದಿಯೋ, ನನ್ನ ಮಕ್ಕಳ ತಾಟಿಗಿ ಹೊಡದಿಯೋ?" ಎಂದ. ಅಪ್ಪ ತಲೆ ಎತ್ತಲಿಲ್ಲ. ಆವತ್ತು ಪಂಪಿಗೆ ನೀರು ಹೊತ್ತುಕೊಟ್ಟವಳು ನಾನು.

ಅಕ್ಕ ತಪ್ಪು ಶೀಶೆ ತಂದಿದ್ದಾರೆ, ಕೋಶಗಳು ಸಾಯುತ್ತವೆ ಎಂದುಕೊಂಡೆ. ಅದೇ ಎಣ್ಣೆ ಹನಿಯಷ್ಟಿದ್ದರೆ ಕೋಶ ಬೆಳೆಸುವ ಹಾರ್ಮೋನ್ ಆಗುತ್ತದೆಂದು ಆಗ ನನಗೆ ಗೊತ್ತಿರಲಿಲ್ಲ. ನೀವು ಬರುವ ತನಕ ಕಾಯಬಹುದಿತ್ತು. ಕೇಳಿದರೆ ನಗುತ್ತೀರಿ, ಮತ್ತೆ ತೊಳೆಯುವ ತೊಟ್ಟಿಗೇ ಕಳಿಸುತ್ತೀರಿ ಎನ್ನಿಸಿತು. ಅಳತೆ ತೆಗೆದು ಸಿಂಕಿಗೆ ಬಿಟ್ಟೆ. ವಹಿಯಲ್ಲಿ ಹನ್ನೆರಡೂ ಬಾಟಲಿಗಳ ಮುಂದೆ ಹಾಕಿದೆನೆಂದು ಗುರುತು ಮಾಡಿದೆ.

ಮೂರು ವಾರಕ್ಕೆ ಎಲ್ಲವೂ ಕೆಂಪಾದವು, ಮೊದಲಿನ ಹಾರ್ಮೋನಿನ ಬಲದಲ್ಲಿ ಒಂದಿಷ್ಟು ಬೆಳೆದೂ ಇದ್ದವು. ನೀವು ಬಾಟಲಿ ಬೆಳಕಿಗೆ ಹಿಡಿದು, "ಅಳತಿ ಬರೋಬರಿ ಹಾಕಿದ್ದಿ ಹೌದಿಲ್ಲ?" ಎಂದಿರಿ. "ಹಾಕೀನ್ರಿ ಅಕ್ಕಾ" ಎಂದೆ. ಶಾಲೆಯಲ್ಲಿ ನಕಲು ಮಾಡಿದ್ದನ್ನು ನಾನೇ ಎದ್ದು ನಿಂತು ಹೇಳಿ ಏಟು ತಿಂದವಳು ನಾನು. ಸುಳ್ಳು ಅಷ್ಟು ಸಲೀಸಾಗಿ ಬಾಯಿಂದ ಬಂದೀತೆಂದು ಗೊತ್ತಿರಲಿಲ್ಲ. ನೀವು ನನ್ನ ಬಾಯಿಗೆ ಪೇಢೆ ಇಟ್ಟಿರಿ. ನುಂಗಿದೆ.

ಆಮೇಲೆ ಆ ಅಳತೆ ಸಿಕ್ಕಿತೆಂದು ನೀವು ವರದಿ ಬರೆದಿರಿ. ಆ ಅಳತೆ ಹಾಕಿ ಬೇರೆಯವರು ಬೆಳೆಸಿದ ಕೋಶಗಳು ಬೆಳ್ಳಗೇ ಉಳಿದವು. ನೀವೇ ಹಾಕಿದರೂ ಬೆಳ್ಳಗೇ. ರಾತ್ರಿ ಹಗಲು ನಿಮ್ಮ ಕೈಯನ್ನೇ ನೀವು ಅನುಮಾನಿಸುವುದನ್ನು ನೋಡುತ್ತ ನಿಂತಿದ್ದೆ. ಹೋದ ತಿಂಗಳು ಯಾರಿಗೂ ಹೇಳದೆ ಆರು ಬಾಟಲಿ ಇಟ್ಟೆ. ಮೂರಕ್ಕೆ ನಿಮ್ಮ ಅಳತೆ ಹಾಕಿದೆ, ಮೂರಕ್ಕೆ ಏನೂ ಇಲ್ಲ. ಏನೂ ಹಾಕದ ಮೂರೇ ಕೆಂಪಾಗಿವೆ. ಕೆಳಗಿನ ಕಪಾಟಿನಲ್ಲಿ, ಹಳೆಯ ಬಟ್ಟೆಯ ಹಿಂದಿವೆ.

ನಿನ್ನೆ ಗೇಟಿನ ಮಲಕಾರಿ ಮಾಮಾ, "ಮೇಡಮ್ಮಾರ ಸುಳ್ಳ ಅಂಕಿ ಬರದಾರಂತ, ಬುಧವಾರ ಬೆಳಗಾಂವಿಗಿ ಕರದಾರಂತ, ಕೆಲಸಾ ಹೋದಂಗನ" ಎಂದ. ಸುಳ್ಳು ಬರೆದವಳು ನಾನು, ಕರೆದದ್ದು ನಿಮ್ಮನ್ನು.

ನನಗೆ ಭಯವಾಗುತ್ತಿದೆ ಅಕ್ಕ. ಬೆಳಗಾವಿಯಲ್ಲಿ ವಿಚಾರಣೆ ಮಾಡುವವರು ದೊಡ್ಡವರು, ಓದಿದವರು. ನನ್ನ ಮಾತು ನಂಬದೆ, ನೀವೇ ಹೇಳಿಕೊಟ್ಟು ಕಳಿಸಿದ್ದೀರಿ ಎಂದರೆ? ಪೊಲೀಸರನ್ನು ಕರೆದರೆ? ನಿಜ ಹೇಳಿದರೂ ನಿಮ್ಮ ಆ ಸಣ್ಣ ಅಳತೆ ಮತ್ತೆ ಸಿಗುವುದಿಲ್ಲ, ಅದು ಎಂದೂ ಸಿಕ್ಕಿರಲೇ ಇಲ್ಲ. ಅದನ್ನು ನಿಮಗೆ ಹೇಳುವುದೇ ಎಲ್ಲಕ್ಕಿಂತ ಕಷ್ಟ. ಓಡಿಹೋಗಬೇಕೆಂದು ಒಮ್ಮೆ ಚೀಲವನ್ನೂ ಕಟ್ಟಿದೆ. ಬಿಟ್ಟು ಓಡುವುದು ನನಗೆ ರೂಢಿ, ನಿಮಗೆ ಗೊತ್ತಲ್ಲ.

ಕ್ಷಮಿಸಿ ಎಂದು ಕೇಳುವುದಿಲ್ಲ. ನಿಮ್ಮ ಹೆಸರಿಗೆ ಹತ್ತಿದ ಮಸಿ ಅಳಿಯಲಿ, ನಿಮ್ಮ ಬಾಟಲಿಗಳು ನಿಮ್ಮ ಕೈಯಲ್ಲೇ ಕೆಂಪಾಗಲಿ ಎಂದು ಅಲ್ಲಾನಲ್ಲಿ ಬೇಡುತ್ತೇನೆ. ಈ ಪತ್ರವನ್ನು ಸಂಜೆ ನಿಮ್ಮ ಬಾಗಿಲ ಸಂದಿಯಲ್ಲಿ ಹಾಕುತ್ತೇನೆ.

ಅವರ ಮುಂದೆಯೂ ಇದನ್ನೇ ಹೇಳಲು ನಾಳೆ ಬೆಳಿಗ್ಗೆ ಏಳರ ಬಸ್ಸಿಗೆ ಬೆಳಗಾವಿಗೆ ಹೊರಡುತ್ತೇನೆ.

ನಿಮ್ಮ
ಸಾಯಿರಾ