ತಿಂಗಳಿಗೆ ಅರ್ಧ ಬೇರಿಂಗ್

ಮಾನ್ಯ ಮುಖ್ಯ ತಾಂತ್ರಿಕ ಅಧಿಕಾರಿಗಳೇ,

ನಮ್ಮ ಡಿಪೋದ ಬಸ್ಸಿನ ಹಿಂದಿನ ಎಡಚಕ್ರ ಕಳಚಿ ಬೀಳಲು ಚಾಲಕನ ಅತಿವೇಗವೇ ಕಾರಣ ಎಂದು ತಾವು ವರದಿ ಬರೆದಿದ್ದೀರಿ. ಅದು ಸುಳ್ಳು. ಸುಳ್ಳೆಂದು ನನಗೂ ಗೊತ್ತು, ತಮಗೂ ಗೊತ್ತು. ಬರುವ ಗುರುವಾರದ ವಿಚಾರಣೆಯಲ್ಲಿ ಆ ಒಂದು ಹಾಳೆಯ ಬಲದಿಂದ, ಮೂವತ್ತೊಂದು ವರ್ಷ ಸ್ಟಿಯರಿಂಗ್ ಹಿಡಿದ ಮನುಷ್ಯನ ಕೆಲಸವೂ ಲೈಸೆನ್ಸೂ ಹೋಗಲಿವೆ. ತಮ್ಮ ಕಚೇರಿಗೆ ಎರಡು ಅರ್ಜಿ ಕೊಟ್ಟೆ. ಸ್ವೀಕೃತಿಯ ಮುದ್ರೆ ಸಿಕ್ಕಿತು, ಉತ್ತರ ಸಿಗಲಿಲ್ಲ. ಆದ್ದರಿಂದ ಈಗ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಅತಿವೇಗವಂತೆ! ಆ ಚಾಲಕರನ್ನು ಡಿಪೋದಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಎಲ್ಲರಿಗೂ ಅವರು ನಿಧಾನಪ್ಪ. ಅವರ ಬಸ್ಸು ಹತ್ತಿದರೆ ಕೆಲಸಕ್ಕೆ ತಡವಾಗುತ್ತದೆಂದು ದೂರು ಕೊಟ್ಟವರಿದ್ದಾರೆ. ಆ ದೂರಿನ ಮೇಲೆ ಅವರಿಗೆ ನೋಟಿಸ್ ಕೊಟ್ಟವರೂ ತಾವೇ. ನಿಧಾನಕ್ಕೂ ಶಿಕ್ಷೆ, ವೇಗಕ್ಕೂ ಶಿಕ್ಷೆ ಎಂದಾದರೆ ಆ ಮನುಷ್ಯ ಬಸ್ಸನ್ನು ತಲೆಯ ಮೇಲೆ ಹೊತ್ತುಕೊಂಡು ಹೋಗಬೇಕೇ?

ನಡೆದದ್ದು ಇಷ್ಟು. ಹಿಂದಿನ ಎಡಚಕ್ರ ಗುಯ್ ಎನ್ನುತ್ತಿದೆ ಎಂದು ನಿಧಾನಪ್ಪ ಮೂರು ದಿನ ಬಿಡದೆ ದೂರು ಪುಸ್ತಕದಲ್ಲಿ ಬರೆದರು. ಜ್ಯಾಕ್ ಕೊಟ್ಟು ಎತ್ತಿ ನಾನೇ ಚಕ್ರ ತಿರುಗಿಸಿದೆ. ಮರಳು ಅರೆದ ಹಾಗೆ ಸದ್ದು. ಚಕ್ರದ ನಡುವಿನ ಹಬ್ ಬಿಚ್ಚಿದರೆ ಬೇರಿಂಗ್‌ನ ರೋಲರುಗಳು ಕಾದು ನೀಲಿಗಟ್ಟಿದ್ದವು. ಅವು ಉರುಳುವ ಹೊರಗಿನ ಉಕ್ಕಿನ ಬಳೆಗೆ ನಾವು ಕಪ್ ಎನ್ನುತ್ತೇವೆ. ಅದರ ಒಳಮೈ ತುಂಬ ಗುಳಿ. ಎರಡೂ ಒಂದು ಜೋಡಿ, ಬದಲಾಯಿಸಿದರೆ ಎರಡನ್ನೂ ಬದಲಾಯಿಸಬೇಕು. ಆದರೆ ತಮ್ಮ ಹೊಸ ಸುತ್ತೋಲೆ ಏನನ್ನುತ್ತದೆ? ಒಂದು ವಾಹನಕ್ಕೆ ತಿಂಗಳಿಗೆ ಒಂದೇ ಬಿಡಿಭಾಗ. ಉಗ್ರಾಣದ ಪುಸ್ತಕದಲ್ಲಿ ರೋಲರಿಗೊಂದು ಸಂಖ್ಯೆ, ಕಪ್‌ಗೆ ಇನ್ನೊಂದು. ಹಾಗಾಗಿ ಒಂದು ಬೇರಿಂಗ್ ಎಂದರೆ ತಮ್ಮ ಲೆಕ್ಕದಲ್ಲಿ ಎರಡು ತಿಂಗಳು.

"ರೋಲರ್ ತಗೊಂಡು ಹೋಗಮ್ಮ, ಕಪ್‌ಗೆ ಮುಂದಿನ ತಿಂಗಳು ಬಾ," ಎಂದರು ಉಗ್ರಾಣದವರು.

"ಒಂದು ಕಾಲಿಗೆ ಚಪ್ಪಲಿ ಈಗ, ಇನ್ನೊಂದಕ್ಕೆ ಮುಂದಿನ ತಿಂಗಳಾ ಅಣ್ಣಾ?"

"ನನ್ನನ್ಯಾಕೆ ಬೈತೀಯ? ಸಾಹೇಬ್ರ ಸಹಿ ಇದೆ ನೋಡು."

ತಮಗೆ ಫೋನ್ ಮಾಡಿದೆ. "ಸಾರ್, ಕಪ್ ಪೂರ್ತಿ ಹೋಗಿದೆ, ಗಾಡಿ ನಿಲ್ಲಿಸಿಬಿಡ್ತೀನಿ," ಎಂದೆ.

"ಗಾಡಿ ನಿಂತ್ರೆ ಮೇಲಿನವರಿಗೆ ನಾನು ಉತ್ತರ ಕೊಡ್ಬೇಕಮ್ಮ. ಚೆನ್ನಾಗಿ ಗ್ರೀಸ್ ತುಂಬಿ ಬಿಡು. ಒಂದು ತಿಂಗಳಿಗೆ ಏನೂ ಆಗಲ್ಲ," ಎಂದಿರಿ.

ಒಂಬತ್ತನೆಯ ದಿನವೇ ಆಯಿತು. ಇಳಿಜಾರಿನಲ್ಲಿ ಬೇರಿಂಗ್ ಒಡೆದು ಹಬ್ ಸಮೇತ ಚಕ್ರ ಹೊರಬಂತು. ನಿಧಾನಪ್ಪ ಬಸ್ಸನ್ನು ಮಣ್ಣಿನ ದಿಬ್ಬಕ್ಕೆ ಒರಗಿಸಿ ನಿಲ್ಲಿಸಿದರು. ಇಪ್ಪತ್ತಾರು ಜನರಲ್ಲಿ ಒಬ್ಬ ಶಿಕ್ಷಕಿಯ ಮಣಿಕಟ್ಟು ಮುರಿಯಿತು, ಉಳಿದವರು ತಮ್ಮ ಕಾಲ ಮೇಲೆ ಇಳಿದರು. ಆ ಮನುಷ್ಯನಿಗೆ ಕೈಮುಗಿಯುವ ಬದಲು ತಾವು ಅಮಾನತಿನ ಆದೇಶ ಕಳಿಸಿದಿರಿ.

ಬೇರೆ ಯಾರಾದರೂ ಹೀಗೆ ಮಾಡಿದ್ದರೆ, ಗ್ರೀಸ್ ಮುಟ್ಟಿ ಗೊತ್ತಿಲ್ಲದ ಜನ ಎಂದು ಬೈದು ಸುಮ್ಮನಾಗುತ್ತಿದ್ದೆ. ತಾವು ಹಾಗಲ್ಲವಲ್ಲ! ಹದಿನಾಲ್ಕು ವರ್ಷದ ಹಿಂದೆ ನಾನು ಈ ಶೆಡ್ಡಿಗೆ ಬಂದಾಗ ತಾವು ಇಲ್ಲಿ ಫೋರ್‌ಮನ್. ಹೆಂಗಸಿಗೆ ಸ್ಪ್ಯಾನರ್ ಯಾಕೆ ಎಂದು ನಕ್ಕವರ ಬಾಯಿ ಮುಚ್ಚಿಸಿದವರು ತಾವು. ಕಪ್‌ನ ಒಳಗೆ ನನ್ನ ಬೆರಳಾಡಿಸಿ, "ಉಗುರು ತಡೀತು ಅಂದ್ರೆ ಎಸೆದುಬಿಡು. ಯಾರು ಹೇಳಿದ್ರೂ ಹಾಕ್ಬೇಡ, ನಾನೇ ಹೇಳಿದ್ರೂ ಹಾಕ್ಬೇಡ," ಎಂದವರು ತಾವು. ಕೊನೆಗೆ ತಾವೇ ಹೇಳಿದಿರಿ, ನಾನು ಆ ಗುಳಿಬಿದ್ದ ಕಪ್‌ಗೇ ಹೊಸ ರೋಲರ್ ಹಾಕಿದೆ. ಸಾರ್ ಹೇಳಿದ ಮೇಲೆ ಏನೂ ಆಗದು ಎಂದು ನಂಬಿದೆ. ನನ್ನ ಹೊಟ್ಟೆ ಉರಿಯುತ್ತಿರುವುದು ಸುತ್ತೋಲೆಗಲ್ಲ ಸಾರ್, ಆ ನಂಬಿಕೆಗೆ.

ಮೊನ್ನೆ ನಿಧಾನಪ್ಪನ ಮನೆಗೆ ಹೋಗಿದ್ದೆ. ಅವರ ಹೆಂಡತಿ ನೀರು ತಂದುಕೊಟ್ಟು, "ಆ ಚಕ್ರ ಯಾರಮ್ಮ ಜೋಡಿಸಿದ್ದು?" ಎಂದು ಕೇಳಿದರು. "ಡಿಪೋದಲ್ಲಿ ನೂರು ಜನ ಇದ್ದಾರೆ, ಯಾರಿಗೆ ಗೊತ್ತು," ಎಂದುಬಿಟ್ಟರು ನಿಧಾನಪ್ಪ. ಬಾಗಿಲವರೆಗೂ ಬಂದು, "ನೀನು ಬಾಯಿ ಬಿಡ್ಬೇಡ ತಾಯಿ. ನನಗೆ ಉಳಿದಿರೋದು ಎಂಟು ತಿಂಗಳು, ನಿನಗಿನ್ನೂ ಇಪ್ಪತ್ತು ವರ್ಷ ಸರ್ವೀಸಿದೆ," ಎಂದರು. ಅವರ ಮುಖ ನೋಡಲು ನನಗಾಗಲಿಲ್ಲ.

ಆ ಹಬ್ಬನ್ನು ಗುಜರಿಗೆ ಹಾಕಿ ಎಂಬ ತಮ್ಮ ಆದೇಶ ನಿನ್ನೆ ಬಂತು. ನಾನು ಹಾಕಿಲ್ಲ, ಹಾಕುವುದೂ ಇಲ್ಲ. ಗುರುವಾರ ಅದನ್ನು ವಿಚಾರಣೆಯ ಮೇಜಿನ ಮೇಲೆ ಇಡಿಸಿ. ವರದಿ ಹಿಂತೆಗೆದುಕೊಳ್ಳಿ. ತಪ್ಪಿತಸ್ಥರ ಜಾಗದಲ್ಲಿರುವ ನಿಧಾನಪ್ಪನ ಹೆಸರು ಹೊಡೆದುಹಾಕಿ ನನ್ನ ಹೆಸರು ಬರೆಯಿರಿ; ಕೂರಿಸಿದ್ದು ನನ್ನ ಕೈ. ನನ್ನ ಹೆಸರಿನ ಮೇಲೆ, ಹಾಕು ಎಂದು ಹೇಳಿದವರ ಸಾಲನ್ನು ಮಾತ್ರ ಖಾಲಿ ಬಿಡಬೇಡಿ. ಅದನ್ನು ತಾವೇ ತುಂಬಿದರೆ ತಮ್ಮಲ್ಲಿ ನನ್ನ ಫೋರ್‌ಮನ್ ಇನ್ನೂ ಇದ್ದಾರೆಂದು ತಿಳಿಯುತ್ತೇನೆ. ಇಲ್ಲವಾದರೆ ನಾನೇ ಎದ್ದು ನಿಂತು ತುಂಬುತ್ತೇನೆ.

ಇಂತಿ,
ತಮ್ಮ ಮಾತು ಕೇಳಿ ಕೆಟ್ಟ ಶಿಷ್ಯೆ,
ಗುರುವಾರದವರೆಗಂತೂ ಈ ಡಿಪೋದ ಮೆಕ್ಯಾನಿಕ್