ಹಗಲಿನಲ್ಲೇ ಹಚ್ಚಿದ ದೀಪ

ಕಾಲೇಜು ಹಾಸ್ಟೆಲ್, ಬಾಗಲಕೋಟೆ
೧೨ ನವೆಂಬರ್ ೧೯೮೧

ಪ್ರೀತಿಯ ಸುಲಭಕ್ಕನಿಗೆ ತಮ್ಮ ಮಧುಸೂದನನ ನಮಸ್ಕಾರಗಳು.

ಪತ್ರ ತಡವಾಯಿತು, ಕ್ಷಮಿಸು. ಜ್ವರ ಬಂದಿತ್ತು ಎಂದು ಬರೆಯೋಣವೆಂದುಕೊಂಡಿದ್ದೆ, ಆದರೆ ಥರ್ಮಾಮೀಟರು ನಾರ್ಮಲ್ ತೋರಿಸಿತು. ಖರೆ ಹೇಳಬೇಕೆಂದರೆ, ‘ಅವ್ವನ ಫಂಡ್ ಅನ್‌ಸೇಫ್, ಹಣ ತೆಗೆದುಕೋ’ ಎಂದು ನಿನಗೆ ತಂತಿ ಕೊಟ್ಟೆನಲ್ಲ, ಅದರ ವಿವರಣೆ ಹೇಗೆ ಶುರು ಮಾಡಲಿ ಎಂದು ತಿಳಿಯದೆ ಮೂರು ಇನ್‌ಲ್ಯಾಂಡ್ ಪತ್ರ ಹಾಳು ಮಾಡಿದೆ.

ಎಲ್ಲ ಆದದ್ದು ನಮ್ಮ ಕಾಮರ್ಸ್ ಸರ್ ಅವರಿಂದ. ಅಲ್ಪಾವಧಿಗೆ ಹಣ ಇಟ್ಟು ಬೇಕೆಂದಾಗ ತೆಗೆಯುವ ಯಾವುದಾದರೂ ಫಂಡನ್ನು ರೇಶಿಯೊಗಳಿಂದ ಪರೀಕ್ಷಿಸಿ, ಮಾರುಕಟ್ಟೆಯ ಅಪಾಯವನ್ನೂ ಅಂದಾಜು ಮಾಡಿ ಬನ್ನಿ ಎಂದು ದೀಪಾವಳಿ ರಜೆಗೆ ಕೆಲಸ ಹಚ್ಚಿದರು. ಉಳಿದ ಹುಡುಗರು ಬ್ಯಾಂಕುಗಳಿಗೆ ಅಲೆದರು. ಇಳಕಲ್ಲಿನ ನಮ್ಮ ಮನೆಯಲ್ಲೇ ಫಂಡು ಇರುವಾಗ ನಾನೇಕೆ ಅಲೆಯಲಿ? ಓಣಿಯ ಹೆಂಗಸರು ಅವ್ವನ ಹತ್ತಿರ ಹಣ ಇಡುತ್ತಾರೆ. ಅವ್ವ ಅದನ್ನು ರೇಷ್ಮೆ ನೂಲಿಗೆಂದು ಮಗ್ಗದ ಮನೆಗಳಿಗೆ ಕೊಡುತ್ತಾಳೆ. ಸೀರೆ ಮಾರಿದ ಮೇಲೆ ತುಸು ಬಡ್ಡಿಯೊಡನೆ ತಿರುಗಿ ಬರುತ್ತದೆ. ನಿನ್ನ ಮದುವೆಗೆ ಉಡುಗೊರೆಯಾಗಿ ಬಂದ ಆಹೇರಿ ಹಣವೂ ಅಲ್ಲೇ ಇತ್ತಲ್ಲ.

ಅವ್ವ ಹಣ ಇಡುವ ಡಬ್ಬಿಯ ನಗದನ್ನು ಒಟ್ಟು ಠೇವಣಿಯಿಂದ ಭಾಗಿಸಿದೆ. ರೂಪಾಯಿಗೆ ಹನ್ನೊಂದು ಪೈಸೆ ಬಂತು! ಮತ್ತೊಮ್ಮೆ ಭಾಗಿಸಿದೆ, ಅಷ್ಟೇ ಬಂತು. ಅಪಾಯದ ಅಧ್ಯಾಯ ಇನ್ನೂ ಕೆಟ್ಟದಾಗಿತ್ತು. ಸಾಲವನ್ನು ಬೇರೆ ಬೇರೆ ಉದ್ಯೋಗಗಳಿಗೆ ಹಂಚಬೇಕು, ಒಂದರ ದರ ಬಿದ್ದರೆ ಇನ್ನೊಂದು ಹಿಡಿಯುತ್ತದೆ ಎಂದು ಪುಸ್ತಕ ಹೇಳುತ್ತದೆ. ಅವ್ವನೂ ಹಂಚಿದ್ದಳು: ಓಣಿಯ ಎಡಗಡೆಯ ಮಗ್ಗಗಳಿಗೆ, ಮತ್ತು ಬಲಗಡೆಯ ಮಗ್ಗಗಳಿಗೆ.

ಪೋಸ್ಟಿಗೆ ಓಡಿ ನಿನಗೆ ತಂತಿ ಕೊಟ್ಟು ಬಂದೆ. ನಮ್ಮ ಮನೆಯ ಕಟ್ಟೆಯ ಮೇಲೆ ನೇಕಾರರ ಸಂಗವ್ವ ಹಣ ಇಡಲು ಬಂದು ಕುಳಿತಿದ್ದಳು. ಠೇವಣಿದಾರರಿಗೆ ಸತ್ಯ ತಿಳಿಸುವುದು ಧರ್ಮವೆಂದು ಸರ್ ಹೇಳಿದ್ದರು.

“ಸಂಗವ್ವಾ, ನಿನ್ನ ರೂಪಾಯಿಗೆ ಡಬ್ಬ್ಯಾಗ ಹನ್ನೊಂದ ಪೈಸೆ ಅದ.”

“ಉಳಿದ ಎಂಬತ್ತೊಂಬತ್ತು ಪೈಸೆ ಯಾರು ತಿಂದ್ರಪಾ?”

ಅಷ್ಟೇ. ಮರುದಿನ ಶುಕ್ರವಾರ ಮಧ್ಯಾಹ್ನ ನಮ್ಮ ಬಾಗಿಲಿನಿಂದ ತುಳಸಿಕಟ್ಟೆಯವರೆಗೆ ಹಣ ತಿರುಗಿ ಕೇಳುವವರ ಪಾಳಿ. ಅಪ್ಪ ಪೇಪರಿನ ಹಿಂದೆ ಅಡಗಿದರು. ಅವ್ವನಿಗೆ ಮಾತ್ರ ಪಾಳಿ ಕಾಣಲೇ ಇಲ್ಲ; ಕಿಟಕಿಯಿಂದ ಕಂಡದ್ದು ಬಸ್ಸಿಳಿದು ಬರುತ್ತಿದ್ದ ಪಂಢರೀನಾಥ ಭಾವ.

“ಮಧ್ಯಾ, ಅಳಿಯಂದ್ರು ಮೊದಲನೇ ದೀಪಾವಳಿಗೆ ನಾಲ್ಕ ದಿನ ಮುಂಚೇನ ಬಂದಾರ! ಸುಲಭಾನೂ ಹಿಂದ ಬರ್ತಿರಬೇಕು. ಬ್ಯಾಳಿ ಕುದಿಲಿಕ್ಕಿಡ್ತೀನಿ, ಹೋಳಿಗಿ ಆಗಲಿ.”

ಹೊರಗೆ ಸಂಗವ್ವ ಭಾವನನ್ನು ತಡೆದಿದ್ದಳು. “ಏನ್ರಿ ಅಳಿಯಾರ, ನೀವೂ ರೊಕ್ಕಕ್ಕೇನ್ರಿ? ಹಂಗಾದ್ರ ಹಿಂದ ನಿಂದರ್ರಿ ಮತ್ತ.” ಬಾದಾಮಿ ರೈಲ್ವೆ ಸ್ಟೇಶನ್ನಿನಲ್ಲಿ ದಿನವೂ ಟಿಕೀಟಿಗೆ ಮಂದಿಯನ್ನು ಪಾಳಿ ಹಚ್ಚಿಸುವ ಭಾವ, ಶಿಸ್ತಿನ ಮನುಷ್ಯ, ಹೋಗಿ ಪಾಳಿಯ ಕೊನೆಗಿದ್ದ ನಮ್ಮ ಓಣಿಯ ಜೈನಬಿಯ ಹಿಂದೆ ನಿಂತರು.

ಕೈಯಲ್ಲಿ ಕಣಕ ಮೆತ್ತಿಕೊಂಡೇ ಅವ್ವ ಹೊರಗೆ ಬಂದಳು. ಪಾಳಿ ನೋಡಿದಳು. ಅದರ ಬಾಲದಲ್ಲಿ ಭಾವನನ್ನು ನೋಡಿದಳು. ಒಳಗೆ ಹೋದಳು. ಅಳುತ್ತಾಳೆಂದು ನಾನು ಹಿಂದೆ ಓಡಿದರೆ, ದೇವರ ಮುಂದೆ ಕುಳಿತು ಬತ್ತಿ ಹೊಸೆಯುತ್ತಿದ್ದಾಳೆ! ಗಡಿಯಾರದಲ್ಲಿ ಇನ್ನೂ ನಾಲ್ಕು ಗಂಟೆ. ದೀಪ ಹಚ್ಚಿ ಬಾಗಿಲಿಗೆ ಬಂದಳು.

“ದೀಪ ಹಚ್ಚೀನ್ರವಾ. ಅದರಾಗ ಶುಕ್ರವಾರ. ಇನ್ನ ಲಕ್ಷ್ಮೀನ ಹೊರಗ ಕೊಡಂಗಿಲ್ಲ.”

“ಬಾಯಾರ, ಹೊತ್ತು ಇನ್ನೂ ನೆತ್ತಿ ಮ್ಯಾಲ ಐತೆಲ್ರೀ!” ಎಂದಳು ಸಂಗವ್ವ.

“ನಿಮ್ಮ ಮನ್ಯಾಗ ಇರಬಹುದು. ನಮ್ಮ ಮನ್ಯಾಗ ಕತ್ತಲಾತು.”

ದೀಪ ಹಚ್ಚಿದ ಮನೆಯಲ್ಲಿ ಹಣ ಕೇಳಿ ಪಾಪ ಕಟ್ಟಿಕೊಳ್ಳುವ ಧೈರ್ಯ ಯಾರಿಗಿದೆ? ಕೊನೆಗೆ ಜೈನಬಿಯೇ, “ಅವರ ಮನೀ ರಿವಾಜ್ ಅವರಿಗಿ. ನಾಳೆ ಬರೂಣ ನಡೀರಿ,” ಎಂದು ಎಲ್ಲರನ್ನೂ ಹೊರಡಿಸಿದಳು. ಇದಕ್ಕೆ ನಮ್ಮ ಪುಸ್ತಕದಲ್ಲಿ ಯಾವ ರೇಶಿಯೊನೂ ಇಲ್ಲ. ಸೂಚಿಯಲ್ಲೂ ಹುಡುಕಿದೆ.

ಬೆಳಿಗ್ಗೆ ಮತ್ತೆ ಅದೇ ಪಾಳಿ; ಸಂಗವ್ವನೇ ಮೊದಲು ಬಂದಳು. ಅವ್ವ ಡಬ್ಬಿ ಮುಂದಿಟ್ಟು, “ಕೊಡ್ತೀನಿ ತಗೋ. ನೂಲಿಗೆ ಒಯ್ದಿದ್ದು ತಂದೀ?” ಎಂದಳು.

“ಅದೆಲ್ಲಿಂದ ತರ್ಲಿರಿ? ಮಗ್ಗದ ಮ್ಯಾಲೈತಿ.”

“ಮತ್ತ ಎಂಬತ್ತೊಂಬತ್ತು ಪೈಸೆ ತಿಂದಾಕಿ ನೀನ ಅಲ್ಲೇನ?”

ಪಾಳಿಗೆ ಪಾಳಿಯೇ ನಕ್ಕಿತು, ಕರಗಿತು. ಪಾಳಿಯಲ್ಲಿ ಅವ್ವನ ನೂಲಿನ ಸಾಲವಿಲ್ಲದೆ ನಿಂತಿದ್ದವರು ಭಾವ ಒಬ್ಬರೇ. ಅವ್ವ ಹೋಳಿಗೆ ಬಡಿಸಿ, ವೀಳ್ಯದೆಲೆಯ ಮೇಲಿಟ್ಟು ನಿನ್ನ ಹಣ ಪೂರ್ತಿ ಕೊಟ್ಟಳು.

ನನ್ನ ವರದಿಗೆ ಸರ್ ಕೆಂಪು ಶಾಯಿಯಲ್ಲಿ, ‘ಅಪಾಯಗಳಲ್ಲಿ ಮುಖ್ಯವಾದ ಒಂದನ್ನು ಬಿಟ್ಟಿದ್ದೀರಿ’ ಎಂದು ಬರೆದಿದ್ದಾರೆ. ಯಾವುದೆಂದು ಕೇಳಲು ಹೋಗಿಲ್ಲ.

ಭಾವನವರಿಗೆ ನಮಸ್ಕಾರ ತಿಳಿಸು. ಸಿಟ್ಟಿನಲ್ಲಿದ್ದರೆ ಎರಡು ದಿನ ಬಿಟ್ಟು ತಿಳಿಸು. ಪರೀಕ್ಷೆ ಹತ್ತಿರ ಬಂತು, ನಿನ್ನ ಆಶೀರ್ವಾದ ಬೇಕು. ಕೆಳಗಿನ ಸಾಲುಗಳನ್ನು ಓದುವ ಮೊದಲೇ ಮಾಡಿಬಿಡು.

ನಿನ್ನ ತಮ್ಮ,
ಮಧು

ತಾ.ಕ.: ಅವತ್ತು ಊಟ ಬಡಿಸುವಾಗ ಅವ್ವ ಭಾವನಿಗೆ, “ಯಾರು ಕಳಿಸಿದ್ರು ನಿಮ್ಮನ್ನ?” ಎಂದು ಕೇಳಿದಳು. “ಸುಲಭಾನ ಹೋಗಿ ಬರ್ರಿ ಅಂದಳು,” ಎಂದು ಅವರು ನನ್ನ ಮುಖ ನೋಡಿದರು, ಉಳಿದದ್ದನ್ನು ನಾನು ಹೇಳುತ್ತೇನೆಂದು. ನನ್ನ ಬಾಯಿಯಲ್ಲಿ ಹೋಳಿಗೆ ಇತ್ತು. ನುಂಗಿದ ಮೇಲೂ ಹೇಳಲಿಲ್ಲ. ತಂತಿಯ ವಿಷಯ ಅವ್ವನಿಗೆ ಇನ್ನೂ ಗೊತ್ತಿಲ್ಲ ಅಕ್ಕ. ನೀನು ಹಬ್ಬಕ್ಕೂ ಬರಲಿಲ್ಲ. ನಿನಗೆಂದು ನೇಯಿಸಿದ ಸೀರೆಯನ್ನು ಅವ್ವ ಟ್ರಂಕಿನ ತಳಕ್ಕೆ ಸೇರಿಸಿದಳು. “ಓಣಿ ಮಂದಿ ನಂಬಲಿಲ್ಲಂತ ದೀಪ ಹಚ್ಚಿದೆ. ಮಗಳ ನಂಬಲಿಲ್ಲಂದ್ರ ಏನ್ ಹಚ್ಚಲಿ?” ಎಂದು ಅಪ್ಪನಿಗೆ ಹೇಳುತ್ತಿದ್ದಳು.

ಬರುವ ವಾರ ಶುಕ್ರವಾರ ಇಳಕಲ್ಲಿಗೆ ಹೋಗಿ ನಾನೇ ಹೇಳುತ್ತೇನೆ. ಒಬ್ಬನಿಗೇ ಭಯ. ನೀನೂ ಬಾ, ದೀಪ ಹಚ್ಚುವ ಹೊತ್ತಿಗೆ ಬಾ. ಆ ಹೊತ್ತಿನಲ್ಲಿ ಬಾಗಿಲಿಗೆ ಬಂದ ಲಕ್ಷ್ಮಿಯನ್ನು ಅವ್ವ ಹೊರಗೆ ನಿಲ್ಲಿಸುವುದಿಲ್ಲ. ನಿನ್ನ ಸೆರಗಿನ ಹಿಂದೆ ನಾನೂ ಒಳಗೆ ಬಂದುಬಿಡುತ್ತೇನೆ.